ಮಸ್ಕಿಯ ಬಂಡೆ, ಅಟ್ಟದ ಬಂದೂಕು

ಸಿಂಧನೂರಿನಿಂದ ಲಿಂಗಸುಗೂರಿನ ಕಡೆಗೆ ಹೊರಟ ಬಸ್ಸು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳನ್ನು ಹಿಂದಕ್ಕೆ ಬಿಟ್ಟು ಅರ್ಧ ದಾರಿ ಸವೆಸುವ ಹೊತ್ತಿಗೆ, ಎದುರಿಗೆ ದೊಡ್ಡ ದೊಡ್ಡ ಗುಂಡುಕಲ್ಲುಗಳನ್ನು ಯಾರೋ ಪೇರಿಸಿಟ್ಟಂತಹ ಬೋಳು ಗುಡ್ಡವೊಂದು ಕಾಣಿಸುತ್ತದೆ. ಅದೇ ಮಸ್ಕಿ. ಗುಡ್ಡದ ಮೇಲೆ ಮಲ್ಲಿಕಾರ್ಜುನನ ಗುಡಿ, ಪಕ್ಕದಲ್ಲಿ ತುಂಗಭದ್ರೆಯನ್ನು ಸೇರಲು ಹರಿಯುವ ಮಸ್ಕಿ ಹಳ್ಳ, ಕೆಳಗೆ ಸಂತೆಯ ಗದ್ದಲ. ಒಂದು ಕಾಲಕ್ಕೆ ಲಿಂಗಸುಗೂರು ತಾಲ್ಲೂಕಿನ ಊರಾಗಿದ್ದ ಮಸ್ಕಿ ಈಗ ರಾಯಚೂರು ಜಿಲ್ಲೆಯ ತಾಲ್ಲೂಕು ಕೇಂದ್ರ.

ಈ ಗುಡ್ಡದ ಓರೆಯಲ್ಲಿ ಒಂದು ಬಂಡೆಯಿದೆ. 1915ರ ಜನವರಿ 27ರಂದು ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನದ ಜಾಡು ಹಿಡಿದು ಅಲೆಯುತ್ತಿದ್ದಾಗ ಅದರ ಮೇಲಿನ ಬ್ರಾಹ್ಮೀ ಅಕ್ಷರಗಳನ್ನು ಕಂಡ. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಶಾಸನವನ್ನು ಓದಿ ಪ್ರಕಟಿಸಿದರು. ಇರುವುದು ಎಂಟೇ ಸಾಲು. ಅಕ್ಷರಗಳೂ ಒರಟು. ಆದರೆ ಅದರ ಮೊದಲಲ್ಲಿ ‘ಅಸೋಕಸ’ ಎಂಬ ಒಂದು ಪದವಿತ್ತು.

ಆ ಪದದ ಬೆಲೆ ತಿಳಿಯಬೇಕಾದರೆ ತುಸು ಹಿಂದಕ್ಕೆ ಹೋಗಬೇಕು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಬಿಡಿಸಿದಾಗ ದೇಶದ ಉದ್ದಗಲದ ಶಾಸನಗಳಲ್ಲಿ ಸಿಕ್ಕಿದ್ದು ‘ದೇವಾನಾಂಪಿಯ ಪಿಯದಸಿ’ ಎಂಬ ಬಿರುದು ಮಾತ್ರ. ಸಿಂಹಳದ ಗ್ರಂಥಗಳ ಆಧಾರದಿಂದ ಆತನೇ ಅಶೋಕನೆಂದು ವಿದ್ವಾಂಸರು ಊಹಿಸಿದ್ದರು. ಊಹೆಗೆ ಕಲ್ಲಿನ ಸಾಕ್ಷಿ ದೊರೆತದ್ದು 78 ವರ್ಷಗಳ ನಂತರ, ಮಸ್ಕಿಯಲ್ಲಿ. ಆಮೇಲೆ ಮಧ್ಯಪ್ರದೇಶದ ಗುಜರ್ರಾ, ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳಗಳಲ್ಲೂ ಆ ಹೆಸರು ಸಿಕ್ಕಿತು. ಆದರೂ ಮೊದಲ ಸಾಕ್ಷಿಯ ಗೌರವ ಮಸ್ಕಿಯದೇ.

ಅಕಸ್ಮಾತ್ ಆ ಬಂಡೆ ಕೊಳಕಾಗಿದೆಯೆಂದು ಯಾರಾದರೂ ಉಳಿಯಿಂದ ಕೆತ್ತಿ, ಉಜ್ಜಿ ನುಣುಪು ಮಾಡಿದ್ದರೆ? ಬಂಡೆ ಚೆಂದವಾಗುತ್ತಿತ್ತು, ಹೆಸರು ಹೋಗುತ್ತಿತ್ತು. ಈ ಸೀಮೆಯ ಹಳೆಯ ಮನೆಗಳ ಅಟ್ಟಗಳಲ್ಲಿ ತುಕ್ಕು ಹಿಡಿದು ಮಲಗಿರುವ ಬೇಟೆಯ ಬಂದೂಕು, ಭರ್ಜಿಗಳಿಗೆ ಇಂದು ಆಗುತ್ತಿರುವುದು ಇದೇ.

ನೆಲದೊಳಗಿನ ಕಬ್ಬಿಣ

ಬೇಟೆಯ ಆಯುಧಕ್ಕೆ ಮಸ್ಕಿಯಲ್ಲಿ ಬಹಳ ದೊಡ್ಡ ಇತಿಹಾಸವಿದೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಇಲ್ಲಿಯ ಪ್ರಾಚೀನ ನೆಲೆಯನ್ನು ಗುರುತಿಸಿದ್ದ. 1930ರ ದಶಕದಲ್ಲಿ ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆ ಅಗೆಯಿತು. 1954ರಲ್ಲಿ ಬಿ. ಕೆ. ಥಾಪರ್ ಕ್ರಮಬದ್ಧವಾಗಿ ಉತ್ಖನನ ನಡೆಸಿ ನಾಲ್ಕು ಕಾಲಘಟ್ಟಗಳನ್ನು ತೋರಿಸಿಕೊಟ್ಟರು. ಮೊದಲನೆಯದು ಕಲ್ಲು ಮತ್ತು ತಾಮ್ರ ಬಳಸುತ್ತಿದ್ದವರದು. ಎರಡನೆಯದು ಬೃಹತ್ ಶಿಲಾ ಸಮಾಧಿಗಳ ಕಾಲ. ಕಬ್ಬಿಣ ಕಾಣಿಸಿಕೊಳ್ಳುವುದು ಅಲ್ಲಿ.

ಮಸ್ಕಿಗೆ ಉತ್ತರದಲ್ಲಿ, ಕೃಷ್ಣೆಯ ಆಚೆ, ಸುರಪುರ ಸೀಮೆಯ ರಾಜನಕೋಳೂರು ಮತ್ತು ಜೇವರ್ಗಿಗಳಲ್ಲಿ ಇಂತಹ ಸಮಾಧಿಗಳನ್ನು ಮೆಡೋಸ್ ಟೇಲರ್ 19ನೇ ಶತಮಾನದ ನಡುವಿನಲ್ಲೇ ಪರಿಶೀಲಿಸಿ ಬರೆದಿಟ್ಟಿದ್ದಾನೆ. ಸತ್ತವರ ಜೊತೆಗೆ ಮಡಕೆ ಕುಡಿಕೆಗಳಂತೆ ಕಬ್ಬಿಣದ ಭರ್ಜಿ, ಬಾಣದ ಮೊನೆಗಳನ್ನೂ ಇಡುತ್ತಿದ್ದ ಜನ ಅವರು. ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ನೆಲದಲ್ಲಿದ್ದ ಇಂತಹ ಮೊನೆಯಲ್ಲಿ ಅನೇಕ ಸಲ ಲೋಹವೇ ಉಳಿದಿರುವುದಿಲ್ಲ. ಉಳಿದಿರುವುದು ತುಕ್ಕು ಮಾತ್ರ. ಆಯುಧದ ಆಕಾರವನ್ನು ಹಿಡಿದು ನಿಂತಿರುವುದೂ ಆ ತುಕ್ಕೇ. ಕೆಲವೊಮ್ಮೆ ಕೊಳೆತು ಹೋದ ಮರದ ಹಿಡಿಯ ನಾರು, ಸುತ್ತಿದ್ದ ಬಟ್ಟೆಯ ನೇಯ್ಗೆ ತುಕ್ಕಿನಲ್ಲಿ ಅಚ್ಚೊತ್ತಿದಂತೆ ಉಳಿದಿರುತ್ತದೆ. ಅದನ್ನು ಉಜ್ಜಿ ತೆಗೆದರೆ ಕೈಗೆ ಬರುವುದು ಕೆಂಪು ಪುಡಿಯಷ್ಟೇ. ಹೀಗಾಗಿ ಸಂರಕ್ಷಣಾ ತಜ್ಞರು ಮೊದಲು ಎಕ್ಸ್-ರೇ ತೆಗೆದು ಒಳಗೇನಿದೆ ಎಂದು ನೋಡುತ್ತಾರೆ. ರೋಗಿಯನ್ನು ಮುಟ್ಟುವ ಮೊದಲು ವೈದ್ಯರು ನೋಡುವಂತೆ.

ಬಂದೂಕು ಬಂದ ಬಗೆ

ಕೃಷ್ಣೆ ತುಂಗಭದ್ರೆಗಳ ನಡುವಿನ ಈ ದೋಆಬ್ ಪ್ರದೇಶ ರಾಜರುಗಳು ಸದಾ ಕಾದಾಡಿದ ನೆಲ. 1520ರ ರಾಯಚೂರು ಯುದ್ಧದಲ್ಲಿ ಕೃಷ್ಣದೇವರಾಯನ ಪರವಾಗಿ ಪೋರ್ತುಗೀಸ್ ಬಂದೂಕುಗಾರರು ಕೋಟೆಯ ಮೇಲಿನ ಕಾವಲುಗಾರರನ್ನು ಗುರಿಯಿಟ್ಟು ಹೊಡೆದರೆಂದು ನೂನಿಜ್ ಬರೆದಿದ್ದಾನೆ. ಮುಂದಿನ ಎರಡು ಶತಮಾನಗಳಲ್ಲಿ ಬಂದೂಕು ಈ ಭಾಗದ ಬೇಡ ನಾಯಕರ ಕೈಗೆ ಒಗ್ಗಿಹೋಯಿತು. 1705ರಲ್ಲಿ ಔರಂಗಜೇಬನೇ ಬಂದು ಸುರಪುರದ ಬಳಿಯ ವಾಗಣಗೇರಿಗೆ ಮುತ್ತಿಗೆ ಹಾಕಿದಾಗ ಮೊಗಲ್ ಸೈನ್ಯವನ್ನು ತಿಂಗಳುಗಟ್ಟಲೆ ತಡೆದವರು ಅಲ್ಲಿಯ ಬೇಡ ಬಂದೂಕುಗಾರರು. ಕಾಡಿನಲ್ಲಿ ಕಲಿತ ಗುರಿ ಕೋಟೆಯ ಮೇಲೆ ಕೆಲಸಕ್ಕೆ ಬಂದಿತ್ತು.

ಆಯುಧ ಅವರಿಗೆ ಹೊಟ್ಟೆಪಾಡೂ ಹೌದು, ಮಾನವೂ ಹೌದು. 1857ರಲ್ಲಿ ಇಂಗ್ಲಿಷರು ಆಯುಧಗಳನ್ನು ತಂದೊಪ್ಪಿಸಿ ದಾಖಲಿಸಬೇಕೆಂದು ಕಾನೂನು ಮಾಡಿದಾಗ, ಇಂದಿನ ಬಾಗಲಕೋಟೆ ಜಿಲ್ಲೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ಆ ವರ್ಷದ ನವೆಂಬರ್ ಕೊನೆಯಲ್ಲಿ ಸೈನ್ಯ ಬಂದು ಊರಿಗೆ ಬೆಂಕಿಯಿಟ್ಟಿತು. ಸೆರೆಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಲಾಯಿತು. ಜಡಗ, ಬಾಲರ ಆ ಕಥೆಯನ್ನು ಲಾವಣಿಕಾರರು ಹಾಡಿದರು. ಜೆ. ಎಫ್. ಫ್ಲೀಟ್ ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ. ಮುಂದೆ ಅದು ಶಾಲೆಯ ಪಠ್ಯಕ್ಕೂ ಬಂತು. ಲಾವಣಿ ಉಳಿಯಿತು. ಆದರೆ ಆ ಕಾಲದ ಬಂದೂಕುಗಳು?

ಕೆಲವು ಸರ್ಕಾರದ ಪಾಲಾದವು, ಕೆಲವು ಕುಲುಮೆಯಲ್ಲಿ ಕುಡುಗೋಲಾದವು. ಎಲ್ಲೋ ಕೆಲವು ವಾಡೆಗಳ ಅಟ್ಟ ಸೇರಿದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು, 1991ರ ತಿದ್ದುಪಡಿಯಲ್ಲಿ ಬೇಟೆಯ ಪರವಾನಗಿ ಪದ್ಧತಿಯೇ ರದ್ದಾದ ಮೇಲೆ, ಬೇಟೆಯ ಬಂದೂಕಿಗೆ ಕೆಲಸವೇ ಉಳಿಯಲಿಲ್ಲ.

ಕೊಡಗಿನಲ್ಲಿ ಹೀಗಲ್ಲ. ಅಲ್ಲಿ ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ಇಳಿಸಿ, ಒರೆಸಿ, ಹೂವಿಟ್ಟು ಪೂಜಿಸುತ್ತಾರೆ. ಅಲ್ಲಿಯವರಿಗೆ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷ ಮುಂದುವರಿಸಿತು. ವರ್ಷವರ್ಷವೂ ಕೈ ಸೋಕುವ ಕಬ್ಬಿಣ ಬೇಗ ಕೆಡುವುದಿಲ್ಲ. ಮರೆತು ಬಿಟ್ಟ ಕಬ್ಬಿಣವೇ ಕೆಡುವುದು.

ಇಟ್ಟಿಗೆ ಪುಡಿಯ ಪೂಜೆ

ಮಹಾನವಮಿಯ ಖಂಡೆ ಪೂಜೆಗೆಂದು ಅಟ್ಟದಿಂದ ಇಳಿದ ಹಳೆಯ ಆಯುಧಕ್ಕೆ ಸಾಮಾನ್ಯವಾಗಿ ಸಿಗುವ ಉಪಚಾರವೆಂದರೆ ಹುಣಸೆಹಣ್ಣು, ಇಟ್ಟಿಗೆ ಪುಡಿ, ಇಲ್ಲವೆ ಅಂಗಡಿಯಿಂದ ತಂದ ಪಾಲಿಷ್ ಕಾಗದ. ಭಕ್ತಿಯಲ್ಲಿ ಕೊರತೆಯಿಲ್ಲ. ಉಜ್ಜಿದಂತೆಲ್ಲ ಕಬ್ಬಿಣ ಕನ್ನಡಿಯಂತೆ ಹೊಳೆಯುತ್ತದೆ. ಮುಂದಿನ ಮಳೆಗಾಲಕ್ಕೆ ಮೊದಲಿಗಿಂತ ಹೆಚ್ಚು ತುಕ್ಕು. ಮತ್ತೆ ಉಜ್ಜು. ಹೀಗೆ ಹತ್ತಾರು ನವಮಿಗಳು ಕಳೆದರೆ ನಳಿಗೆಯ ಮೇಲಿದ್ದ ಅಕ್ಷರಗಳೆಲ್ಲ ಮಾಯ.

ಏಕೆ ಹೀಗಾಗುತ್ತದೆ? ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರು ಮತ್ತು ಆಮ್ಲಜನಕ ಎರಡೂ ಬೇಕು. ಇದನ್ನು ಮಕ್ಕಳು ಮನೆಯಲ್ಲೇ ಮಾಡಿ ನೋಡಬಹುದು. ಮೂರು ಗಾಜಿನ ಬಾಟಲಿಗಳಲ್ಲಿ ಒಂದೊಂದು ಹೊಸ ಮೊಳೆ ಹಾಕಿ. ಒಂದಕ್ಕೆ ಬಾವಿಯ ನೀರು, ಇನ್ನೊಂದಕ್ಕೆ ಉಪ್ಪುನೀರು, ಮೂರನೆಯದಕ್ಕೆ ಕುದಿಸಿ ಆರಿಸಿದ ನೀರು ಹಾಕಿ, ಅದರ ಮೇಲೊಂದು ಪದರ ಎಣ್ಣೆ ಬಿಡಿ. ವಾರ ಕಳೆದ ಮೇಲೆ ಮೂರನ್ನೂ ಹೋಲಿಸಿ. ಕುದಿಸಿದಾಗ ನೀರಿನಲ್ಲಿ ಕರಗಿದ್ದ ಗಾಳಿ ಹೋಗುತ್ತದೆ, ಎಣ್ಣೆ ಹೊಸ ಗಾಳಿಯನ್ನು ತಡೆಯುತ್ತದೆ. ಉಪ್ಪುನೀರಿನ ಮೊಳೆಯ ಗತಿ ನೋಡಿದರೆ, ಬೆವರಿದ ಕೈಯಿಂದ ಹಳೆಯ ಕಬ್ಬಿಣವನ್ನು ಮುಟ್ಟಬಾರದೆಂದು ತಜ್ಞರು ಏಕೆ ಹೇಳುತ್ತಾರೆಂಬುದು ತಾನಾಗಿ ಅರ್ಥವಾಗುತ್ತದೆ.

ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲವಾಗಲಿ, ನಿಂಬೆಯ ಸಿಟ್ರಿಕ್ ಆಮ್ಲವಾಗಲಿ ತುಕ್ಕನ್ನು ಕರಗಿಸುವುದು ನಿಜ. ಆದರೆ ತುಕ್ಕಿನ ಜೊತೆಗೆ ಕಬ್ಬಿಣವನ್ನೂ ತಿನ್ನುತ್ತವೆ. ಸಂದುಗಳಲ್ಲಿ ಉಳಿದ ಹುಳಿ ಹೊಸ ತುಕ್ಕಿಗೆ ದಾರಿ ಮಾಡುತ್ತದೆ.

ಇನ್ನೊಂದು ಸಂಗತಿ ಅನೇಕರಿಗೆ ಹೊಸದೆನಿಸಬಹುದು. ತುಕ್ಕೆಲ್ಲವೂ ಶತ್ರುವಲ್ಲ. ಹಿಂದಿನ ಬಂದೂಕು ತಯಾರಕರು ನಳಿಗೆಗೆ ಬೇಕೆಂದೇ ತೆಳುವಾಗಿ ತುಕ್ಕು ಹಿಡಿಸಿ, ತಿಕ್ಕಿ, ಮತ್ತೆ ಹಿಡಿಸಿ, ಗಟ್ಟಿಯಾದ ಕಂದು ಪದರ ಬರಿಸುತ್ತಿದ್ದರು. ಅದರಿಂದ ಬಿಸಿಲಿನಲ್ಲಿ ನಳಿಗೆ ಹೊಳೆದು ಬೇಟೆ ಬೆದರುತ್ತಿರಲಿಲ್ಲ. ಒಳಗಿನ ಲೋಹಕ್ಕೂ ರಕ್ಷಣೆ ಸಿಗುತ್ತಿತ್ತು. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹುರಿಮಾಡಿ ಬೆಸೆದ ನಳಿಗೆಗಳ ಮೇಲೆ ಮೂಡುವ ಅಲೆಯಂತಹ ಚಿತ್ತಾರವೂ ಈ ಮೇಲ್ಪದರದಲ್ಲೇ ಇರುತ್ತದೆ. ಪಾಲಿಷ್ ಕಾಗದ ಮೊದಲು ಬಲಿ ತೆಗೆದುಕೊಳ್ಳುವುದು ಅದನ್ನು. ಕೆಂಪಗೆ ಪುಡಿಪುಡಿಯಾಗಿ ಉದುರುವುದು ಕೆಟ್ಟ ತುಕ್ಕು. ಕಂದು ಇಲ್ಲವೆ ಕಪ್ಪಾಗಿ ಗಟ್ಟಿಯಾಗಿ ಕೂತದ್ದು ಮೈಗಾವಲು.

ಬೆಲೆ ಕಟ್ಟುವುದು ಹೇಗೆ?

ಗುಜರಿಯವನು ಬೆಲೆ ಕಟ್ಟುವುದು ತಕ್ಕಡಿಯಿಂದ. ಅವನ ಲೆಕ್ಕದಲ್ಲಿ ಬಂದೂಕಿನ ನಳಿಗೆಗೂ ಮುರಿದ ನೇಗಿಲ ಕುಳಕ್ಕೂ ಭೇದವಿಲ್ಲ. ತಿಳಿದವರ ಲೆಕ್ಕ ಬೇರೆ. ಅದಕ್ಕೆ ಕನ್ನಡನಾಡಿನದೇ ಒಂದು ನಿದರ್ಶನವಿದೆ.

1793-94ರಲ್ಲಿ ಟಿಪ್ಪು ಸುಲ್ತಾನನಿಗಾಗಿ ಒಂದು ಬೇಟೆಯ ಬಂದೂಕು ತಯಾರಾಯಿತು. ಚಕಮಕಿ ಕಲ್ಲಿನ ಕಿಡಿಯಿಂದ ಹೊತ್ತುವ ಮಾದರಿ. ಮತ್ತೆ ಮದ್ದು ತುಂಬದೆ ಒಂದೇ ನಳಿಗೆಯಿಂದ ಎರಡು ಸಲ ಹಾರಿಸುವ ಅಪರೂಪದ ಯುಕ್ತಿ ಅದರಲ್ಲಿದೆ. ಅದು ಇಂಗ್ಲೆಂಡ್ ಸೇರಿತು. 2023ರಲ್ಲಿ ಅದು ದೇಶ ಬಿಟ್ಟು ಹೊರಗೆ ಹೋಗದಂತೆ ಬ್ರಿಟಿಷ್ ಸರ್ಕಾರ ತಾತ್ಕಾಲಿಕ ತಡೆ ಹಾಕಿತು. ಆಗ ಅದಕ್ಕೆ ಕಟ್ಟಿದ ಬೆಲೆ 20 ಲಕ್ಷ ಪೌಂಡ್, ಅಂದರೆ ಸುಮಾರು 20 ಕೋಟಿ ರೂಪಾಯಿ. ಅದರಲ್ಲಿನ ಕಬ್ಬಿಣಕ್ಕೆ ಬಂದ ಬೆಲೆಯಲ್ಲ ಇದು. ಅಸದ್ ಖಾನ್ ಮುಹಮ್ಮದ್ ಎಂಬ ಕುಶಲಕರ್ಮಿಯ ಹೆಸರು ಅದರ ಮೇಲಿದೆ, ತಯಾರಾದ ಕಾಲ ಗೊತ್ತಿದೆ, ಯಾರಿಗಾಗಿ ಆಯಿತೆಂಬುದು ಗೊತ್ತಿದೆ. ಹೆಸರನ್ನು ಉಜ್ಜಿ ಅಳಿಸಿದ್ದರೆ ಅದು ಬರೀ ಹಳೆಯ ಬಂದೂಕು. ಮಸ್ಕಿಯ ಬಂಡೆಯ ಕಥೆಯೇ ಇದು.

ಅಟ್ಟದ ಬಂದೂಕಿಗೆಲ್ಲ ಕೋಟಿಯ ಬೆಲೆ ಬರುತ್ತದೆಂದು ಯಾರೂ ಕನಸು ಕಾಣಬೇಕಿಲ್ಲ. ಬಹುಪಾಲಿಗೆ ಪೇಟೆಯ ಬೆಲೆ ಅಲ್ಪವೇ. ಆದರೆ ನೋಡುವ ಕ್ರಮ ಒಂದೇ. ನಳಿಗೆಯ ಮೇಲೆ ಅಕ್ಷರ, ಅಂಕಿ, ಮುದ್ರೆ ಇವೆಯೇ? ವಿಲಾಯತಿ ಬಂದೂಕುಗಳಾದರೆ ಲಂಡನ್ ಇಲ್ಲವೆ ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಮುದ್ರೆ ಇರುತ್ತದೆ. ನಳಿಗೆಯ ಒಳಮೈ ನುಣುಪೋ, ಸುರುಳಿ ಗೀರುಗಳಿವೆಯೋ? ಗೀರಿದ್ದರೆ ಅದು ರೈಫಲ್. ಆ ಗೀರುಗಳು ಗುಂಡನ್ನು ಬುಗುರಿಯಂತೆ ತಿರುಗಿಸುವುದರಿಂದಲೇ ಅದು ನೇರ ದಾರಿ ಬಿಡದೆ ಹೋಗುತ್ತದೆ. ಆದರೆ ಇದನ್ನು ನೋಡುವುದು ಬಲ್ಲವರ ಕೆಲಸ, ಮಕ್ಕಳು ನಳಿಗೆಗೆ ಕಣ್ಣಿಡುವಂತಿಲ್ಲ. ಮರದ ಹಿಡಿ, ಕುದುರೆ, ಮದ್ದು ಜಡಿಯುವ ಕೋಲು ಮೊದಲಿನವೇ, ಆಮೇಲೆ ಜೋಡಿಸಿದವೇ? ಎಲ್ಲಕ್ಕಿಂತ ಮುಖ್ಯವಾಗಿ, ಅದು ಯಾರ ಮನೆಯದು, ಎಲ್ಲಿಂದ ಬಂತು ಎಂಬ ಕಥೆಯನ್ನು ಹೇಳುವವರು ಇದ್ದಾರೆಯೇ?

ನಿಜಾಮರ ಸೀಮೆಯಾದ್ದರಿಂದ ಇಲ್ಲಿಯ ಆಯುಧಗಳ ಮೇಲೆ ಹಿಜರಿ ವರ್ಷ ಇರಬಹುದು. ಅದನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ಹೆಚ್ಚುಕಡಿಮೆ ನಮ್ಮ ಇಸವಿ ಸಿಗುತ್ತದೆ. 1273 ಎಂದಿದ್ದರೆ ಗುಣಲಬ್ಧ 1234.8, ಕೂಡಿಸಿದರೆ 1856.8. ಅಂದರೆ 1856-57, ಹಲಗಲಿಯ ಕಾಲ. ಒಂದು ಚಿಕ್ಕ ಲೆಕ್ಕ ತುಕ್ಕು ಹಿಡಿದ ಕೊಳವೆಯೊಂದನ್ನು ಚರಿತ್ರೆಯ ಪಕ್ಕದಲ್ಲಿ ತಂದು ನಿಲ್ಲಿಸುತ್ತದೆ.

ಮುಟ್ಟುವ ಮುನ್ನ

ಇದರಲ್ಲಿ ಅಪಾಯವೂ ಇದೆ, ಕಾನೂನೂ ಇದೆ. ಬಾಯಿಂದ ಮದ್ದು ತುಂಬುವ ಹಳೆಯ ಬಂದೂಕನ್ನು ತುಂಬಿಟ್ಟೇ ಮರೆತಿರುವ ಸಾಧ್ಯತೆ ಉಂಟು. ಕರಿಮದ್ದು ಒಣಗಿದ್ದರೆ ನೂರು ವರ್ಷವಾದರೂ ಸಾಯುವುದಿಲ್ಲ. 2018ರ ಜುಲೈಯಲ್ಲಿ ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರದ ಹಾಳುಬಾವಿಯಲ್ಲಿ ಪುರಾತತ್ವ ಇಲಾಖೆಗೆ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಸಿಕ್ಕವು. ಎಲ್ಲ ತುಕ್ಕು ಹಿಡಿದವು. ಬಾವಿಯ ಕೆಸರು ಇನ್ನೂ ಮದ್ದಿನ ವಾಸನೆ ಹೊಡೆಯುತ್ತಿತ್ತು. ಅದೇ ಊರಿನಲ್ಲಿ ಅದಕ್ಕೂ ಮೊದಲು 2002ರಲ್ಲಿ ಇಂತಹವು ಸಿಕ್ಕಾಗ ಅವು ಏನೆಂಬುದೇ ಬಹುಕಾಲ ತಿಳಿದಿರಲಿಲ್ಲ. ತಿಳಿಯದೆಂದು ಗುಜರಿಗೆ ಹಾಕದೆ ಇಟ್ಟುಕೊಂಡದ್ದರಿಂದ ಅವು ಚರಿತ್ರೆಯಾದವು. ಆದ್ದರಿಂದ ಹಳೆಯ ಬಂದೂಕನ್ನು ಬೆಂಕಿಯ ಹತ್ತಿರ ಒಯ್ಯಬಾರದು, ಕುದುರೆ ಎಳೆಯಬಾರದು, ನಳಿಗೆಯ ಎದುರು ನಿಲ್ಲಬಾರದು. ಹಾರಿಸಿ ನೋಡುವ ಮಾತಂತೂ ಬೇಡವೇ ಬೇಡ. ಒಳಗೆ ತುಕ್ಕು ತಿಂದ ನಳಿಗೆ ಸಿಡಿದರೆ ಹೋಗುವುದು ಹಾರಿಸಿದವನ ಕಣ್ಣು, ಕೈ.

1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕು ಇಟ್ಟುಕೊಳ್ಳಲು ಪರವಾನಗಿ ಬೇಕು. ಅಜ್ಜನ ಹೆಸರಿನ ಪರವಾನಗಿ ಮೊಮ್ಮಗನಿಗೆ ತಾನಾಗಿ ಬರುವುದಿಲ್ಲ. ರಿಪೇರಿ ಮಾಡಿದರೂ ಹಾರಿಸಲು ಬಾರದಂತಹ, ಪ್ರಾಚೀನ ಮೌಲ್ಯದ ಆಯುಧಕ್ಕೆ ಕಾಯ್ದೆಯ 45ನೇ ಕಲಮಿನಲ್ಲಿ ವಿನಾಯಿತಿ ಇದೆ. ಆದರೆ ನಮ್ಮದು ಅಂತಹದೇ ಎಂದು ಮನೆಯವರೇ ತೀರ್ಪು ಕೊಟ್ಟುಕೊಳ್ಳುವಂತಿಲ್ಲ. ಪೊಲೀಸ್ ಠಾಣೆಗೆ ತಿಳಿಸಿ ಕೇಳುವುದೇ ಸರಿ. ನೆಲ ಅಗೆಯುವಾಗ ಸಿಕ್ಕ ಪ್ರಾಚೀನ ವಸ್ತುವನ್ನು ಸರ್ಕಾರದ ಗಮನಕ್ಕೆ ತರಬೇಕು. 1972ರ ಪ್ರಾಚ್ಯವಸ್ತು ಕಾಯ್ದೆಯಂತೆ ನೂರು ವರ್ಷ ದಾಟಿದ ಇಂತಹ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ.

ಕಾನೂನಿನ ತೊಡಕಿಲ್ಲದ ಭರ್ಜಿ, ಈಟಿ ಇಲ್ಲವೆ ತಜ್ಞರು ನೋಡಿ ಅಪಾಯವಿಲ್ಲವೆಂದ ಬಂದೂಕಾದರೆ ಮನೆಯಲ್ಲಿ ಮಾಡುವುದು ಸ್ವಲ್ಪವೇ. ಮೊದಲು ಎಲ್ಲ ಮಗ್ಗುಲಿಂದ ಫೋಟೋ ತೆಗೆಯಬೇಕು. ಅಳತೆ ಮತ್ತು ಅಕ್ಷರಗಳನ್ನು ಬರೆದಿಟ್ಟುಕೊಳ್ಳಬೇಕು. ಒಣ ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆದು, ಉದುರುವ ತುಕ್ಕನ್ನು ಬಿದಿರಿನ ಕಡ್ಡಿಯಿಂದ ಮೆಲ್ಲಗೆ ಬಿಡಿಸಬಹುದು. ತೆಳುವಾಗಿ ಹೊಲಿಗೆ ಯಂತ್ರದ ಎಣ್ಣೆ ಸವರಿ, ಒರೆಸಿ, ಒಣ ಜಾಗದಲ್ಲಿಡಬೇಕು. ನೀರು, ಹುಳಿ, ಪಾಲಿಷ್ ಕಾಗದ ಮೂರೂ ನಿಷಿದ್ಧ. ಮಣ್ಣಿನಿಂದ ಬಂದ ಕಬ್ಬಿಣವನ್ನಂತೂ ಮುಟ್ಟದೆ ಬಲ್ಲವರಿಗೆ ಬಿಡಬೇಕು. ಅದರೊಳಗೆ ಸೇರಿದ ಉಪ್ಪನ್ನು ಹೊರತೆಗೆಯಲು ಪ್ರಯೋಗಾಲಯವೇ ಬೇಕು. ಇಂತಹ ಕೆಲಸಕ್ಕೆಂದು ಮೈಸೂರಿನಲ್ಲಿ ಕೇಂದ್ರ ಸರ್ಕಾರದ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯವಿದೆ.

ಇದೆಲ್ಲಕ್ಕಿಂತ ಅಗ್ಗದ ಸಂರಕ್ಷಣೆ ಇನ್ನೊಂದಿದೆ. ಮನೆಯ ಹಿರಿಯರ ಪಕ್ಕದಲ್ಲಿ ಕೂತು, ಅಜ್ಜಾ, ಇದು ಯಾರದು, ಯಾವಾಗ ಬಂತು ಎಂದು ಕೇಳಿ ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳುವುದು. ಕಬ್ಬಿಣಕ್ಕಿಂತ ಬೇಗ ಹೋಗುವುದು ನೆನಪು. ಅದಕ್ಕೆ ಎಣ್ಣೆ ಸವರಿ ಇಡಲಾಗದು.

ಮತ್ತೆ ಗುಡ್ಡದ ಬಳಿ

ಸಂಜೆಯ ಹೊತ್ತಿಗೆ ಮಸ್ಕಿಯ ಗುಡ್ಡದ ಕಲ್ಲುಗಳು ಕಬ್ಬಿಣದ ತುಕ್ಕಿನದೇ ಬಣ್ಣಕ್ಕೆ ತಿರುಗುತ್ತವೆ. ಇಲ್ಲಿ ಹೆಸರು ಬರೆಸಿದ ದೊರೆ ಬೇಟೆಯನ್ನು ಬಿಟ್ಟವನು. ಹಿಂದಿನ ರಾಜರು ಬೇಟೆಯ ವಿಹಾರಕ್ಕೆ ಹೋಗುತ್ತಿದ್ದರು, ತಾನು ಅದರ ಬದಲು ಧರ್ಮಯಾತ್ರೆಗೆ ಹೊರಟೆ ಎಂದು ಬೇರೊಂದು ಶಾಸನದಲ್ಲಿ ಹೇಳಿಕೊಂಡಿದ್ದಾನೆ. ಆ ಮಾತಿರುವ ಶಾಸನಮಾಲೆಯ ಒಂದು ಪ್ರತಿ ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲೂ ಇದೆ. ದೂರದ ಕಂದಹಾರದ ಗ್ರೀಕ್ ಶಾಸನವಂತೂ ರಾಜನ ಬೇಟೆಗಾರರೇ ಬೇಟೆ ನಿಲ್ಲಿಸಿದರೆಂದು ತಿಳಿಸುತ್ತದೆ. ಆದರೆ ಅಶೋಕ ತನ್ನ ಹಿಂದಿನ ಬದುಕನ್ನು ಅಳಿಸಿ ನುಣುಪು ಮಾಡಲಿಲ್ಲ. ಅಡುಗೆಮನೆಗೆ ಎಷ್ಟು ಪ್ರಾಣಿಗಳು ಬಲಿಯಾಗುತ್ತಿದ್ದವೆಂಬುದನ್ನೂ ಕಲ್ಲಿನಲ್ಲಿ ಬರೆಸಿದ, ಬಿಟ್ಟದ್ದನ್ನೂ ಬರೆಸಿದ.

ಬೇಟೆಯ ಕಾಲ ಮುಗಿಯಿತು, ಮುಗಿಯಬೇಕಾದ್ದೇ. ಅದರ ಆಯುಧ ಮತ್ತೆ ಹಾರುವುದು ಬೇಕಿಲ್ಲ. ಆದರೆ ಅದು ಯಾರ ಕೈಯಲ್ಲಿತ್ತು, ಯಾವ ಹೊಟ್ಟೆಯನ್ನು ಹೊರೆಯಿತು, ಯಾವ ಊರನ್ನು ಕಾಯಿತು ಎಂಬುದು ಅಳಿಯಬಾರದು. ಧರ್ಮದ ಫಲ ದೊಡ್ಡವರಿಗೆ ಮಾತ್ರವಲ್ಲ, ಸಾಮಾನ್ಯರಿಗೂ ಸಾಧ್ಯವೆಂಬುದು ಮಸ್ಕಿಯ ಎಂಟು ಸಾಲುಗಳ ಸಾರ. ಚರಿತ್ರೆಯನ್ನು ಕಾಯುವ ಕೆಲಸಕ್ಕೂ ಆ ಮಾತು ಸಲ್ಲುತ್ತದೆ. ಈ ಸಲದ ಮಹಾನವಮಿಗೆ ಆಯುಧ ಇಳಿಸುವ ಮನೆಗಳಲ್ಲಿ ಇಟ್ಟಿಗೆ ಪುಡಿಯ ಬಟ್ಟಲು ಪಕ್ಕಕ್ಕೆ ಸರಿದು ಮಕ್ಕಳ ನೋಟ್‌ಪುಸ್ತಕ ಬಂದರೆ, ಇನ್ನೆಷ್ಟೋ ಹೆಸರುಗಳು ಉಳಿದಾವು.